ಬಿಸಿಲಿಗೆ ಬಿದ್ದಿದ್ದ ಪೈಪು

ತೋಟಗಾರಿಕೆ ಪದವಿಯಲ್ಲಿ ಮೇದಿನಿ ಕಾಲೇಜಿಗೇ ಮೊದಲು ಬಂದವಳು. ಆದರೆ ನರ್ಸರಿಯ ಮ್ಯಾನೇಜರ್ ಕೆಲಸದ ಸಂದರ್ಶನದಲ್ಲಿ ಅವಳ ದನಿ ಮೇಜಿನ ಆಚೆಗೂ ಕೇಳಿಸಲಿಲ್ಲ.

"ಸ್ವಲ್ಪ ಗಟ್ಟಿಯಾಗಿ ಹೇಳಮ್ಮ," ಎಂದರು ಯಜಮಾನರು, ಕಿವಿ ಮುಂದೆ ಮಾಡಿ. "ಇಷ್ಟು ಮೆತ್ತಗಿದ್ರೆ ಇಷ್ಟೊಂದು ಆಳುಗಳನ್ನ ಹೇಗೆ ಸಂಭಾಳಿಸ್ತೀಯ?"

"ಕಲೀತೀನಿ ಸರ್," ಎಂದಳು. ಅದೂ ಅವರಿಗೆ ಕೇಳಿಸಲಿಲ್ಲ.

"ಆಯ್ತು, ಹೋಗ್ಬಾ. ತಿಳಿಸ್ತೀವಿ."

ಕೆಲಸ ಕೈತಪ್ಪಿತೆಂದು ತಲೆ ತಗ್ಗಿಸಿಕೊಂಡು ಹೊರಬಂದಳು. ಹೊರಗೆ ಸುಡುಬಿಸಿಲು. ಅಂಗಳದುದ್ದಕ್ಕೂ ಬಿದ್ದಿದ್ದ ಕರಿ ಪೈಪನ್ನು ಎತ್ತಿಕೊಂಡು ಒಬ್ಬ ಹೆಂಗಸು ಎಳೆಯ ಟೊಮೆಟೊ ಸಸಿಗಳಿಗೆ ನೀರು ಹಿಡಿಯತೊಡಗಿದಳು.

"ಅಯ್ಯೋ, ನಿಲ್ಸೀ!" ಮೇದಿನಿಯ ಕೂಗಿಗೆ ಗೇಟಿನ ಕಾವಲುಗಾರನೂ ಬೆಚ್ಚಿಬಿದ್ದ. "ಬಿಸಿಲಿಗೆ ಕಾದ ಪೈಪಲ್ಲಿ ಕುದಿಯೋ ನೀರಿರುತ್ತೆ! ಸಸಿ ಬೆಂದೇ ಹೋಗುತ್ತೆ!"

ಓಡಿಹೋಗಿ ಪೈಪು ಕಿತ್ತುಕೊಂಡಳು. ಕೈಮೇಲೆ ಬಿದ್ದ ನೀರು ತಣ್ಣಗಿತ್ತು.

ಹೆಂಗಸು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ಬಿಸಿನೀರು ಆಗ್ಲೇ ಆಚೆ ಚೆಲ್ಲಿದೀನಿ ಕಣವ್ವ. ಕೆಲಸ ಕೇಳ್ಕೊಂಡು ಬಂದೋರು ಹೊರಕ್ಕೆ ಬಂದಾಗೆಲ್ಲ ಹಿಂಗೇ ನೀರು ಹಿಡಿ ಅಂತ ಯಜಮಾನ್ರು ಹೇಳವ್ರೆ. ಇವತ್ತು ಕಿರುಚಿದೋಳು ನೀನೊಬ್ಳೇ. ಹೋಗು, ಒಳಕ್ಕೆ ಕರೀತಾವ್ರೆ."