ಕಂದಕದ ಆಳ

"ಭೀಮಾ ಹೊಳಿ ಈಸಿ ದಾಟತಿದ್ದ ನನ್ನ ಮಗ ಈ ಹೊಂಡದಾಗ ಮುಳಗಿದ್ನೇನು?" ಗುರುಬಸವ್ವ ಸೇತುವೆಯ ಕಂಬಿ ಬಿಡಲಿಲ್ಲ. "ಕೇಳು ಆಕಿಗಿ."

ಸೊಸೆ ಸ್ವಪ್ನಾ ಡಚ್ಚಿನಲ್ಲಿ ಏನೋ ಕೇಳಿದಳು. ಕೋಟೆ ತೋರಿಸುವ ಹುಡುಗಿ ಮಾರೈಕೆ ನೀರನ್ನೇ ನೋಡುತ್ತ ಬಹಳ ಹೊತ್ತು ಮಾತಾಡಿದಳು.

"ಏಳನೂರು ವರ್ಷದ ಕಂದಕ ಅಂತ, ಅತ್ತಿ. ವೈರಿ ಗ್ವಾಡಿ ಬುಡಕ್ಕ ಸುರಂಗ ತೋಡಬಾರದಂತ ಸುತ್ತ ನೀರು ಬಿಟ್ಟಾರ. ನೀರು ಎದಿ ಮಟ ಅಷ್ಟ. ತಳದಾಗ ಕೆಸರದ. ಕಾಲು ಹಿಡದರ ಬಿಡಂಗಿಲ್ಲ."

"ಆಕಿ ಅಷ್ಟುದ್ದ ಹೇಳಿದ್ಲು, ನೀ ಇಷ್ಟ ಹೇಳ್ತಿ."

ಸ್ವಪ್ನಾ ಅತ್ತೆಯ ಸೆರಗು ಸರಿಪಡಿಸಿದಳು.

ಮಗ ಪ್ರಭುದೇವ ಡಚ್ಚರ ನಾಡಿನ ಡೆಲ್ಫ್ಟ್‌ನಲ್ಲಿ ಸಂಶೋಧಕ. ತೊಂಬತ್ತೆಂಟರ ಜನವರಿಯಲ್ಲಿ ಹೆಂಡತಿಯೊಡನೆ ಕೋಟೆ ನೋಡಲು ಬಂದವನು ಈ ಸೇತುವೆಯಿಂದ ಜಾರಿ ಬಿದ್ದ. ಗುಲಬರ್ಗಾಕ್ಕೆ ಬಂದ ಸುದ್ದಿ ಇಷ್ಟೇ. ತಾಯಿಗೆ ಪಾಸ್‌ಪೋರ್ಟ್ ಸಿಗುವಷ್ಟರಲ್ಲಿ ಏಪ್ರಿಲ್. ಅಷ್ಟರೊಳಗೆ ಸೊಸೆ ದಹನ ಮುಗಿಸಿ, ಬೂದಿಯನ್ನು ನೂರ್ಡ್‌ವೈಕ್‌ನ ಕಡಲಿಗೆ ಬಿಟ್ಟಿದ್ದಳಂತೆ. ಲಿಂಗ ಕಟ್ಟಿದ ಮೈ. ಮಣ್ಣಿಗೆ ಕೊಡಬೇಕಾದದ್ದು. ಹಣೆ ಹಚ್ಚಿ ಅಳಲು ಒಂದು ಸಮಾಧಿಯೂ ಇಲ್ಲ. ಗಂಡನನ್ನು ನೂಕಿದವಳೇ ಹೀಗೆ ಗುರುತು ಅಳಿಸುತ್ತಾಳೆ ಎಂದು ಓಣಿ ಮಾತಾಡಿಕೊಂಡಿತು. ಗುರುಬಸವ್ವ ಬಂದದ್ದು ಅದನ್ನು ಖಚಿತಪಡಿಸಿಕೊಳ್ಳಲು.

"ಆ ದಿನ ಈ ಹುಡುಗಿ ಇಲ್ಲೇ ಇದ್ಲೇನು?"

"ಇದ್ಲು. ಬಾಗಲದಾಗ ನಿಂತು ಅಂವ ಜಾರಿದ್ದು ಎಲ್ಲಾ ನೋಡ್ಯಾಳ."

"ಹಂಗಾರ ಕೇಳು. ಕಡೀಕ ನನ್ನ ಮಗ ಏನರ ಒದರಿದ್ನೇನು?"

ಸ್ವಪ್ನಾ ಕೇಳಿದಳು. ಮಾರೈಕೆಯ ಕೆನ್ನೆ ಒದ್ದೆಯಾಯಿತು. ಎರಡು ಮಾತು ಹೇಳಿ ಮುಖ ತಿರುಗಿಸಿದಳು.

"ಯವ್ವಾ ಅಂದನಂತ, ಅತ್ತಿ. ಎರಡು ಸಲ."

ಮುದುಕಿ ಸೇತುವೆಯ ಹಲಗೆಯ ಮೇಲೆ ಕೂತುಬಿಟ್ಟಳು. ಕೂತಲ್ಲಿಂದಲೇ ಸೊಸೆಯ ಕೈ ಹಿಡಿದಳು.

"ನಿನ್ನ ಮ್ಯಾಲ ಸಂಶೇ ಪಟ್ಟೆ. ತಪ್ಪಾತು, ನನ್ನವ್ವ. ನಡಿ ಊರಿಗಿ. ಮನಿ ಇನ್ನ ನಿಂದ."

ಎದ್ದು, ಸೆರಗಿನಿಂದ ಮಾರೈಕೆಯ ಕೆನ್ನೆಯನ್ನೂ ಒರೆಸಿದಳು.

"ಅಳಬ್ಯಾಡ, ತಾಯಿ. ಇದರಾಗ ನಿಂದೇನು ತಪ್ಪದ?"

ಈ ಮಾತನ್ನು ಮಾತ್ರ ಸ್ವಪ್ನಾ ಒಂದಕ್ಷರ ಬಿಡದೆ ಅನುವಾದಿಸಿದಳು.

ಮಾರೈಕೆ ಡಚ್ಚಿನಲ್ಲಿ ಹೇಳಿದಳು: "ಇವರನ್ನು ಬೇಗ ವಿಮಾನ ಹತ್ತಿಸು. ಇವರು ಬಂದ ನಾಲ್ಕು ದಿನದಿಂದ ಪ್ರಭುದೇವ ನಮ್ಮ ಮನೆಯಿಂದ ಹೊರಗೆ ಕಾಲಿಟ್ಟಿಲ್ಲ. ಹೆಂಡತಿಯನ್ನು ಬಿಟ್ಟೆ ಎಂದು ತಾಯಿಗೆ ಹೇಳುವುದಕ್ಕಿಂತ, ಸತ್ತನೆಂದು ಸುದ್ದಿ ಕಳಿಸುವ ನಿನ್ನ ಉಪಾಯವೇ ಅವನಿಗೆ ಸುಲಭವಾಯಿತಂತೆ."