ಸೊರಬದ ಪಾಠ

ಲಾರಿಯಿಂದ ಹಲಗೆ ನಯ ಮಾಡುವ ಹೊಸ ರಂದಾ ಮಿಷಿನ್ ಇಳಿಸುತ್ತಿದ್ದಾಗಲೇ ಫೋನು ಬಂತು. ಸೊರಬದಲ್ಲಿ, ನಾಗರಾಜನ ಮರಗೆಲಸದ ಅಂಗಡಿಯಲ್ಲಿ, ಉಚ್ಚಂಗಪ್ಪ ಕುಸಿದು ಬಿದ್ದು ಪ್ರಾಣ ಬಿಟ್ಟಿದ್ದ.

ಮಗ ತಿಪ್ಪೇಶ ಫೋನನ್ನು ಕಿವಿಯಿಂದ ತೆಗೆಯದೆ ನಿಂತ. ಶಿಕಾರಿಪುರದಲ್ಲಿ ತನ್ನ ಅಂಗಡಿ ಇರುವಾಗ, ಸಾಯುವುದಕ್ಕೂ ಅಪ್ಪನಿಗೆ ಆ ನಾಗರಾಜನ ಅಂಗಡಿಯೇ ಬೇಕಾಯಿತೇ? ಅಳುವಿಗಿಂತ ಮೊದಲು ಬಂದದ್ದು ಈ ಯೋಚನೆ.

ಹೊಟ್ಟೆಕಿಚ್ಚು ಹೊಸದಲ್ಲ. ಯುಗಾದಿ ಕಳೆದಾಗಿನಿಂದ ಉಚ್ಚಂಗಪ್ಪ ವಾರವಾರವೂ ಸೊರಬದ ಬಸ್ಸು ಹತ್ತುತ್ತಿದ್ದ. ಎಲ್ಲಿಗೆ ಎಂದರೆ "ಪಾಠಕ್ಕೆ" ಎನ್ನುತ್ತಿದ್ದ. ಮೊದಲ ದಿನ ತೆಂಗಿನಕಾಯಿ, ಬಾಳೆಹಣ್ಣು, ಎಲೆ ಅಡಿಕೆಯನ್ನೂ ಕೊಂಡೊಯ್ದಿದ್ದ. ನಾಗರಾಜ ಆಗಷ್ಟೇ ಇಂಥದ್ದೇ ಮಿಷಿನ್ ತರಿಸಿದ್ದ. ಅದರ ಪೂಜೆಗಿರಬೇಕು ಎಂದುಕೊಂಡ ತಿಪ್ಪೇಶ. ತಾಲ್ಲೂಕಿನ ಅರ್ಧ ಬಾಗಿಲುಗಳನ್ನು ಕೆತ್ತಿದ ಕೈ, ಮಗನನ್ನು ಬಿಟ್ಟು ಯಾರದೋ ಹುಡುಗನ ಪಾಲಾಗುತ್ತಿತ್ತು.

ಒಂದು ಸಂಜೆ ಅಪ್ಪ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದ.

"ಅವನ ಸಲುವಾಗಿ ಬೆರಳೂ ಕೊಟ್ಟು ಬಂದ್ಯಾ? ನಾಳೆ ನಮ್ಮ ಮಿಷಿನ್ ಬಂದ್ರೆ ಯಾರು ಕೂಡ್ರಸ್ತಾರೆ?"

"ನಾನೇ ಕೂಡ್ರಸ್ತೀನೋ. ಪಾಠ ಒಂದು ಮುಗೀಲಿ."

ಮುಗಿಯಲಿಲ್ಲ.

ತಿಥಿಯ ಮರುದಿನ ನಾಗರಾಜ ಬಂದ. ಕೈಯಲ್ಲಿ ಮಟ್ಟ ನೋಡುವ ರಸಮಟ್ಟ, ನೆಟ್ಟಗಿನ ಒಂದು ಸಾಗುವಾನಿ ಪಟ್ಟಿ. ಮಿಷಿನ್ ಇನ್ನೂ ಪ್ಲಾಸ್ಟಿಕ್ ಹೊದ್ದು ನಿಂತಿತ್ತು.

"ಇದನ್ನ ಕೂರಿಸಿಕೊಟ್ಟು ಹೋಗ್ತೀನಿ ಮಾರಾಯ್ರೇ. ಬ್ಲೇಡು ಕೂದಲೆಳೆ ಎತ್ತರ ನಿಂತ್ರೂ ಹಲಗೆ ತುದಿ ಕಚ್ಚುತ್ತೆ."

"ಊಟ ಎಲ್ಲ ನೀನುಂಡು, ಎಂಜಲು ನನಗೆ ಬಡ್ಸಾಕೆ ಬಂದ್ಯೇನಲೇ?" ತಿಪ್ಪೇಶ ಮಿಷಿನಿಗೆ ಅಡ್ಡ ನಿಂತ. "ನಮ್ಮಪ್ಪನ ಹತ್ರ ಕಲ್ತು ನನಗೇ ಹೇಳ್ತಾನೆ!"

"ಬಂದೋರಿಗೆ ನೀರಾದ್ರೂ ಕೊಡಾಕೆ ಬಿಡ್ರಿ," ಎಂದಳು ಹೆಂಡತಿ ರಜನಿ, ಚೊಂಬು ಹಿಡಿದು.

ನಾಗರಾಜ ನೀರು ಕುಡಿಯಲಿಲ್ಲ. ಪಟ್ಟಿಯನ್ನು ತಿಪ್ಪೇಶನ ಕೈಗಿಟ್ಟ. ಅದರ ಅಂಚಿನಲ್ಲಿ ಒಣಗಿದ ರಕ್ತದ ಕಲೆ.

"ನಾನು ಮಂಗಳೂರಲ್ಲಿ ಮಿಷಿನ್ ಫಿಟ್ಟರ್ ಆಗಿದ್ದೋನು. ನಿಮ್ಮಪ್ಪ ಉಳಿ, ಕೈರಂದಾ ಬಿಟ್ಟು ಬೇರೆ ಹಿಡಿದೋರಲ್ಲ. ಕರೆಂಟಿನ ಮಿಷಿನ್ ಅಂದ್ರೆ ಹೆದರಿಕೆ. ಆದ್ರೂ ಮಗನ ಮಿಷಿನಿಗೆ ಮೊದಲು ತನ್ನ ಕೈಯೇ ಬೀಳಬೇಕು ಅಂತ, ಎಲೆ ಅಡಿಕೆ ಕೊಟ್ಟು ನನ್ನ ಮುಂದೆ ಕೂತ್ರು. ಬೆರಳು ಕೊಯ್ದುಕೊಂಡಿದ್ದೂ ಈ ಪಟ್ಟಿ ಇಟ್ಟು ಬ್ಲೇಡಿನ ಮಟ್ಟ ನೋಡುವಾಗ. ಪಾಠ ಹೇಳಿದ್ದು ನಾನು ತಿಪ್ಪೇಶಣ್ಣ. ಕಲೀತಿದ್ದೋರು ಅವರು."

ತಿಪ್ಪೇಶ ಚಪ್ಪಲಿ ಬಿಟ್ಟು, ಪಟ್ಟಿಯನ್ನು ಕಣ್ಣಿಗೊತ್ತಿಕೊಂಡು ಊರ ದೇವರನ್ನು ನೆನೆದ. "ಹುಚ್ಚರಾಯಸ್ವಾಮೀ, ನಮ್ಮಪ್ಪನ ಜೀವಕ್ಕೆ ಶಾಂತಿ ಕೊಡು. ಅವನ ಕೈ ಬಿದ್ದ ಪಟ್ಟಿ ಮಿಷಿನಿಗೆ ಬಂತು, ಪಾಠ ಮುಗೀತು ಅಂತ ಅವನಿಗೆ ಹೇಳು."