ಮಿಲ್ಲಿನ ಕೂಗು

ಮಿಲ್ಲು ಮತ್ತೆ ಕೂಗಿತು.

ಯಲ್ಲಕ್ಕ ಚಾಪೆಯ ಮೇಲೆ ಎದ್ದು ಕೂತಳು. ಉದ್ದನೆಯ ಕೂಗು; ಕೊನೆಗೊಮ್ಮೆ ಒಡೆದು, ಸಣ್ಣಗಾಗಿ ಕರಗುವಂಥದ್ದು. ಮೊದಲ ಪಾಳಿಯದು. ಆ ಮಿಲ್ಲಿಗೆ ಬೀಗ ಬಿದ್ದಾಗ ಮಗಳು ಕೀರ್ತನಾ ತೊಟ್ಟಿಲಲ್ಲಿದ್ದಳು. ಈಗ ಹರಿಹರದ ಗಾರ್ಮೆಂಟ್ಸಿನಲ್ಲಿ ದುಡಿಯುತ್ತಾಳೆ.

ಪಕ್ಕದ ಮನೆಯ ಮಾಬೂಬೀ ಅಂಗಳದಲ್ಲಿ ಒಲೆಗೆ ಭತ್ತದ ಹೊಟ್ಟು ಸುರಿಯುತ್ತಿದ್ದಳು. ಅವಳ ಗಂಡ ಬುಡನ್ ಸಾಬ್ ಮಿಲ್ಲಿನ ಬಾಯ್ಲರ್ ಮನೆಯಲ್ಲಿದ್ದವನು. ದಿನಾ ಸರಪಳಿ ಎಳೆದು ಊರನ್ನು ಎಬ್ಬಿಸುತ್ತಿದ್ದವನು ಅವನೇ. ಮಿಲ್ಲು ಮುಚ್ಚಿದ ವರ್ಷವೇ ತೀರಿಕೊಂಡ.

"ಮಾಬೂಬೀ, ಮಿಲ್ಲು ಕೂಗ್ತು."

ಮಾಬೂಬೀಯ ಕೈಯಿಂದ ಹೊಟ್ಟು ಜಾರಿತು. ಎದ್ದು ಬಂದು ಯಲ್ಲಕ್ಕನ ಗಲ್ಲ ಹಿಡಿದು ಮುಖ ತನ್ನತ್ತ ತಿರುಗಿಸಿಕೊಂಡಳು. "ನಿನಗ ಕೇಳಿಸ್ತಾ?"

"ನಿಚ್ಚಳ ಕೇಳಿಸ್ತು. ನಿನ್ನೇನೂ ಕೂಗಿತ್ತು. ನಿನಗ?"

"ಇಲ್ಲವಾ." ಮಾಬೂಬೀಯ ಕಣ್ಣು ತುಂಬಿದ್ದವು. "ನಮ್ಮವ್ರು ಹೋದ ಮ್ಯಾಲೆ ಸರಪಳಿ ಯಾರು ಎಳೀತಾರೆ?"

ಅದೇ ಪ್ರಶ್ನೆ ಯಲ್ಲಕ್ಕನ ಬೆನ್ನಿನಲ್ಲೂ ತಣ್ಣಗೆ ಹರಿದಾಡುತ್ತಿತ್ತು.

ಅವಳು ನೂಲಿನ ಖಾತೆಯವಳು. ಮಿಲ್ಲಿನವರ ಬಾಯಲ್ಲಿ ವಿಭಾಗಕ್ಕೆ ಖಾತೆ ಎಂದೇ ಹೆಸರು: ನೂಲಿನ ಖಾತೆ, ಮಗ್ಗದ ಖಾತೆ. ಆ ಮಾತಿಗೆ ಬೇರೆ ಅರ್ಥಗಳೂ ಇವೆ ಎನ್ನುವುದು ಅವಳ ತಲೆಗೆ ಎಂದೂ ಹತ್ತಲಿಲ್ಲ. ಖಾತೆ ಹೋದ ಮೇಲೆ ಮಂಡಕ್ಕಿ ಭಟ್ಟಿಯ ಕೂಲಿ. ಈಗ ಭಟ್ಟಿ ವಾರಕ್ಕೆರಡು ದಿನ ಉರಿದರೆ ಹೆಚ್ಚು. ಉಳಿದ ದಿನ ಮಾಬೂಬೀ ಮನೆಯ ಸಾರು.

ಅಷ್ಟರಲ್ಲಿ ಕೀರ್ತನಾ ಹರಿಹರದ ಬಸ್ಸಿಳಿದು ಬಂದಳು, ತಾಯಿಯನ್ನು ಕರೆದೊಯ್ಯಲು. ಸೂಪರ್‌ವೈಸರನ ಕೈಕಾಲು ಹಿಡಿದು ತಾಯಿಗೊಂದು ಕೆಲಸ ಕೊಡಿಸಿದ್ದಳು. ಮಧ್ಯಾಹ್ನದೊಳಗೆ ಹೋಗಿ ನಿಲ್ಲದಿದ್ದರೆ ಅದು ಬೇರೆಯವರ ಪಾಲು.

"ಅಲ್ಲಿ ಮಾತಾಡೋ ಕೆಲಸಾನೇ ಇಲ್ಲವ್ವ. ತಲೆ ಬಗ್ಗಿಸಿ ಅಂಗಿ ದಾರ ಕತ್ತರಿಸೋದು. ನಿನಗ ಹೇಳಿ ಮಾಡಿಸಿದಂಗೈತೆ."

"ಮಿಲ್ಲು ತೆರೆದ್ರೆ?"

"ಅಯ್ಯೋ ನಮ್ಮವ್ವ!"

"ನಾಗಭೂಷಣ್ ಸಾಹೇಬ್ರು ಇಲ್ಲ ಅನ್ಲಿ. ಅವರ ಬಾಯಾಗ ಒಂದು 'ಇಲ್ಲ' ಬಂದ್ರೆ ಸೀದಾ ಬಸ್ ಹತ್ತೀನಿ."

ನಾಗಭೂಷಣರದು ನಡುವಿನ ಪಕ್ಷ. ಮಾಲೀಕರ ಸಭೆಯಲ್ಲಿ ಮಾಲೀಕರಿಗೆ ತಲೆದೂಗುವುದು, ಕಾರ್ಮಿಕರ ಸಭೆಯಲ್ಲಿ ಕಾರ್ಮಿಕರಿಗೆ. ಈ ಊರಲ್ಲಿ ಇನ್ನೂ ಒಂದು ಸೀಟೂ ಗೆದ್ದಿಲ್ಲ. ಆದರೆ ಯಾರ ಸರ್ಕಾರ ಬಂದರೂ ಪಕ್ಕದಲ್ಲೊಂದು ಕುರ್ಚಿ ಇವರಿಗಿರುತ್ತದೆ. ಮತ್ತೆ ಚುನಾವಣೆ ಬಂದಿತ್ತು.

ಇಬ್ಬರೂ ಅವರ ಮನೆಗೆ ಹೊರಟಾಗ ಎಂ.ಸಿ.ಸಿ. ಬಡಾವಣೆಯ ತಿರುವಿನಲ್ಲಿ ಹಿಂದಿನಿಂದ ಲಾರಿ ನುಗ್ಗಿತು. ಕೀರ್ತನಾ ರಟ್ಟೆ ಹಿಡಿದು ತಾಯಿಯನ್ನು ಬದಿಗೆಳೆದಳು. "ದಾರಿ ಮೇಲಾದ್ರೂ ಲಕ್ಷ್ಯ ಇಡು."

ನಾಗಭೂಷಣರ ಜಗಲಿ ತುಂಬಾ ಶಾಲು ಹೊದ್ದವರು. ಸಾಹೇಬರ ಬಾಯಿ ತುಂಬಾ ಎಲೆ ಅಡಿಕೆ. ಅರ್ಧ ಮಾತು ಯಲ್ಲಕ್ಕನಿಗೆ ದಕ್ಕಲಿಲ್ಲ. ಅವರು ಉಗುಳಿ ಬರುವ ತನಕ ಕಾದಳು.

"ಮಿಲ್ಲು ತೆರೀತೈತೋ ಇಲ್ಲೋ, ಒಂದೇ ಮಾತು ಹೇಳಿಬಿಡ್ರಿ."

"ನೋಡವ್ವ, ಮಾಲೀಕರಿಗೂ ಕಷ್ಟ ಐತೆ, ನಿಮಗೂ ಕಷ್ಟ ಐತೆ. ನಾವು ಇಬ್ಬರನ್ನೂ ಕೈಬಿಡೋರಲ್ಲ. ನೋಡೋಣ."

"ಹೋದ ಸಲಾನೂ ನೋಡೋಣ ಅಂದ್ರಿ, ಅದರ ಹಿಂದಿನ ಸಲಾನೂ ಅದೇ. ಇಷ್ಟು ವರ್ಷ ನೋಡಿ ನೋಡಿ ನಿಮಗ ಕಣ್ಣು ನೋಯಲಿಲ್ಲೇನ್ರಿ?"

ಸುತ್ತ ಕೂತವರ ಹೆಗಲು ಕುಲುಕಿದವು.

"ಇಲ್ಲ ಅಂತನಾದ್ರೂ ಅನ್ರಿ ಸಾಹೇಬ್ರ. ನಾನು ಮಗಳ ಹಿಂದೆ ಹೊಂಟು ಹೋಗ್ತೀನಿ. ಮಿಲ್ಲು ದಿನಾ ಕೂಗಿ ಕರೀತೈತಿ."

ನಾಗಭೂಷಣರು ಒಮ್ಮೆ ಅವಳನ್ನು, ಒಮ್ಮೆ ಕೀರ್ತನಾಳನ್ನು ನೋಡಿದರು. "ಕೂಗ್ತೈತಾ? ಹಂಗಾದ್ರೆ ಒಳ್ಳೇದೇ ಆಯ್ತಲ್ಲ." ಆಮೇಲೆ ಫೋನಿನ ಮೇಲೆ ತಲೆ ಬಗ್ಗಿಸಿ ಇನ್ನೇನೋ ಅಂದರು. ಯಲ್ಲಕ್ಕನಿಗೆ ತಿಳಿಯಲಿಲ್ಲ. ಕೀರ್ತನಾಳ ಮುಖ ಮಾತ್ರ ಕೆಂಪಾಯಿತು.

ಅವರು ಕಾರು ಹತ್ತಿದರು. ಗಾಜು ಮೇಲೇರಿತು. ಒಳಗೆ ಪಕ್ಕದವನತ್ತ ಹೊರಳಿ ತೊಡೆ ತಟ್ಟಿ ಮಾತಾಡಿದರು. ನೂಲಿನ ಖಾತೆಯವರಿಗೆ ಗಾಜು ದೊಡ್ಡ ಅಡ್ಡಿಯಲ್ಲ. ಆ ಮಾತು ಯಲ್ಲಕ್ಕನಿಗೆ ಪೂರ್ತಿ ದಕ್ಕಿತು:

"ಈ ಸಲ ಖಾತೆ ತೆರೀತೀವಿ. ಗ್ಯಾರಂಟಿ."

ಜಗಲಿಯ ಮುಂದೆ ಹೇಳಲಾಗದ್ದನ್ನು ನಂಬಿಕೆಯವನಿಗೆ ಹೇಳಿದ್ದರು. ಅಂದ ಮೇಲೆ ನಿಜ.

ಬಸ್ ನಿಲ್ದಾಣದಲ್ಲಿ ಹರಿಹರದ ಬಸ್ಸು ನಿಂತಿತ್ತು. ಯಲ್ಲಕ್ಕ ಹತ್ತಲಿಲ್ಲ.

"ಖಾತೆ ತೆರೀತಾರಂತೆ ಕೀರ್ತು. ಅವರ ಬಾಯಾಗೇ ಬಂತು, ನಾನೇ ನೋಡಿದೆ. ನನ್ನ ಜಾಗಕ್ಕೆ ನಾನು ಹೋಗಬೇಕಲ್ಲ?"

ಹೇಳಿದವಳೇ ತಿರುಗಿ ನಡೆದಳು.

"ಅವ್ವ! ಅದು ಸೀಟು ಗೆಲ್ಲೋ ಖಾತೆ! ಮಿಲ್ಲಿಂದಲ್ಲ!" ಕೀರ್ತನಾ ಗಂಟಲು ಹರಿಯುವಂತೆ ಕಿರುಚಿದಳು. ನಿಲ್ದಾಣದವರೆಲ್ಲ ತಿರುಗಿ ನೋಡಿದರು. ಯಲ್ಲಕ್ಕನ ಬೆನ್ನು ಮಾತ್ರ ಹಾಗೇ ದೂರವಾಯಿತು.

ಮರುದಿನ ಮಿಲ್ಲು ಕೂಗುತ್ತಲೇ ಅವಳು ಬುತ್ತಿ ಕಟ್ಟಿಕೊಂಡು ಹೊರಟಳು. ಗೇಟು ತೆರೆದೇ ಇತ್ತು. ಒಳಗೆ ಬಾಯ್ಲರ್ ಮನೆ ಇರಲಿಲ್ಲ. ಚಿಮಣಿ ಇರಲಿಲ್ಲ. ಮಟ್ಟ ಮಾಡಿದ ಕೆಂಪು ಮಣ್ಣಿನಲ್ಲಿ ಸೈಟಿನ ಕಲ್ಲುಗಳು ಸಾಲಾಗಿ ನಿಂತಿದ್ದವು, ಗೋರಿಗಳ ಹಾಗೆ. ಆದರೂ ಕೂಗು ನಿಂತಿರಲಿಲ್ಲ. ಮಣ್ಣಿನ ಕೆಳಗಿಂದ ಬಂದಂತೆ ಬರುತ್ತಲೇ ಇತ್ತು.

ಅವಳ ಹಿಂದೆ ಜೆಸಿಬಿಯೊಂದು ಹಾರ್ನ್ ಬಾರಿಸುತ್ತ ಹಿಮ್ಮುಖವಾಗಿ ಬಂತು. ಡ್ರೈವರ್ ಬಾಯಿ ಬಡಿದುಕೊಂಡ. ಬೆನ್ನು ಹತ್ತಿ ಬಂದಿದ್ದ ಮಾಬೂಬೀ ಓಡಿ ಬಂದು ಅವಳನ್ನು ತಬ್ಬಿ ಪಕ್ಕಕ್ಕೆ ಬಿದ್ದಳು. ಬುತ್ತಿ ಮಣ್ಣಿನಲ್ಲಿ ಚೆಲ್ಲಿತು.

"ಕೂಗ್ತೈತೆ ಮಾಬೂಬೀ, ಕೇಳು," ಎಂದಳು ಯಲ್ಲಕ್ಕ.

ನೂಲಿನ ಖಾತೆಯ ಯಂತ್ರಗಳು ಅವಳ ಎರಡೂ ಕಿವಿಗಳನ್ನು ತಿಂದು ಹಾಕಿದ್ದು ಕೀರ್ತನಾ ಹುಟ್ಟುವ ಮೊದಲೇ. ತುಟಿ ನೋಡಿಯೇ ಮಾತು ತಿಳಿಯುವ ಅವಳಿಗೆ ಮಗಳ ದನಿ ಹೇಗಿದೆಯೆಂದು ಇವತ್ತಿಗೂ ಗೊತ್ತಿಲ್ಲ.